ಸೊಂಟದ ಕೆಳಗಿನ ಸಂಶಯ

ನಮ್ಮ ಕಡೆ ಖಾಲಿ ಹೊಟ್ಟೆಯೆಂದರೆ ಕಾಫಿಯೊಂದೇ ಬಿದ್ದಿರುವ ಹೊಟ್ಟೆ. ಎರಡು ಲೋಟ ಇಳಿಸಿದವರೂ ‘ಬೆಳಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ’ ಎನ್ನುತ್ತಾರೆ. ಕೇಳಿದವರು ಅಯ್ಯೋ ಪಾಪ ಎಂದು ಮೂರನೆಯದನ್ನು ಬೆರೆಸಿಕೊಡುತ್ತಾರೆ.

ಈ ಸತ್ಸಂಪ್ರದಾಯವನ್ನು ನಾನು ಹರ್ನಿಯಾ ಶಸ್ತ್ರಚಿಕಿತ್ಸೆಗೂ ವಿಸ್ತರಿಸಿದೆ. ಆಲ್ದೂರಿನ ಬಳಿಯ ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದವನು ನಾನು. ಕಾಫಿಬೀಜ ಒಣಗಿದೆಯೆಂದು ಮೇಸ್ತ್ರಿ ಆಣೆಯಿಟ್ಟರೂ ಹಲ್ಲಿನಲ್ಲಿ ಕಚ್ಚಿ ನೋಡದೆ ನಂಬಿದವನಲ್ಲ. ಅಂಥವನಿಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರಮ್ಮ, “ಬೆನ್ನಿಗೆ ಒಂದು ಇಂಜೆಕ್ಷನ್ ಅಷ್ಟೇ. ಸೊಂಟದ ಕೆಳಗೆ ಮರಗಟ್ತದೆ, ನಿಮಗೆ ಎಚ್ಚರ ಇರ್ತದೆ. ಕೆಲವು ಗಂಟೆ ಕಳೆದ್ರೆ ಕಾಲು ಮೊದಲಿನ ಹಾಗೇ ಆಗ್ತದೆ” ಎಂದು ನಗುನಗುತ್ತಾ ಹೇಳಿದರೆ ಸಂಶಯ ಬಾರದೇ? ಕಾಲು ವಾಪಸು ಬಾರದಿದ್ದರೆ ಯಾರನ್ನು ಕೇಳುವುದು? ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಬೆಳಗ್ಗೆಯಿಂದ ಏನಾದ್ರೂ ತಗೊಂಡ್ರಾ? ನೀರು, ಕಾಫಿ?”

ಸೊಂಟದ ಕೆಳಗಿನ ಕೆಲಸಕ್ಕೆ ಕಾಫಿಯ ವಿಚಾರಣೆ ಏಕೆ? ಇದರಲ್ಲೇನೋ ಇದೆ ಎನಿಸಿ, ಮುಖ ಗಂಭೀರವಾಗಿಟ್ಟುಕೊಂಡು “ಏನೂ ಇಲ್ಲ” ಎಂದೆ.

“ರೀ, ಹಾಲು ಹಾಕಿಸ್ಕೊಂಡು ದೊಡ್ಡ ಲೋಟ ಕುಡಿದ್ರಲ್ಲ!” ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ.

ಡಾಕ್ಟರಮ್ಮನ ನಗು ನಿಂತಿತು. “ಎಂಥ ಮಾಡಿದ್ರಿ ಮಾರಾಯ್ರೇ! ಬೆನ್ನಿನ ಇಂಜೆಕ್ಷನ್ ಸಾಕಾಗದಿದ್ರೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗ್ತದೆ. ಆಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ.” ಶಸ್ತ್ರಚಿಕಿತ್ಸೆ ಮಧ್ಯಾಹ್ನಕ್ಕೆ ಹೋಯಿತು.

ಮಧ್ಯಾಹ್ನ ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಪಾದ ಬೆಚ್ಚಗಾಗಿ, ಕಾಲುಗಳು ಬೇರೆ ಯಾರದೋ ಆದವು. ಆಕೆ ತಣ್ಣನೆಯ ಸ್ಪಿರಿಟ್ ಹತ್ತಿ ಮುಟ್ಟಿಸಿ “ತಣ್ಣಗಿದೆಯಾ?” ಎಂದು ಕೇಳಿದರು. ನನಗೆ ಏನೂ ಗೊತ್ತಾಗಲಿಲ್ಲ. ಆದರೂ ಇನ್ನೊಮ್ಮೆ ಮುಟ್ಟಿಸಿ ನೋಡಲು ಹೇಳಿದೆ. ಕೊಯ್ಯುವಾಗ ಎಳೆದಂತಾಯಿತೇ ಹೊರತು ನೋವಿರಲಿಲ್ಲ. ಆದರೆ ಆಕೆ ನನ್ನ ತಲೆಯ ಬಳಿಯಿಂದ ಕದಲಲೇ ಇಲ್ಲ. ಏನೋ ಕೆಟ್ಟಿದೆ, ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

“ನೀವು ಹೋಗೋದಿಲ್ವಾ?”

“ನಿಮ್ಮ ಉಸಿರು, ಬಿಪಿ ನೋಡ್ಕೊಂಡು ಇಲ್ಲೇ ಇರೋದೇ ನನ್ನ ಕೆಲಸ. ನೀವು ಮಾತಾಡ್ತಾ ಇರಿ.”

ಸಂಜೆ ವಾರ್ಡಿನಲ್ಲಿ ಹೆಬ್ಬೆರಳನ್ನೇ ದಿಟ್ಟಿಸುತ್ತಾ ಮಲಗಿದ್ದೆ. ಅದು ಮೆಲ್ಲಗೆ ಅಲುಗಿದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ. ಆ ದಿನ ಆಸ್ಪತ್ರೆಯಲ್ಲಿ ನಾನು ಸಂಶಯಪಡದ ಮನುಷ್ಯರೇ ಇರಲಿಲ್ಲ. ಸುಳ್ಳು ಹೇಳಿದವನು ಮಾತ್ರ ನಾನೊಬ್ಬನೇ.