ರೊಟ್ಟಿ ಬಡಿದ ಕೈ

ಕುವೈತಿನಲ್ಲಿ ನನ್ನ ಜೊತೆ ವೆಲ್ಡಿಂಗ್ ಮಾಡಿಕೊಂಡು, ಒಂದೇ ರೂಮಿನಲ್ಲಿ ಇದ್ದವನು ಈಗ ಕೆನಡಾದಲ್ಲಿ ರ‍್ಯಾಪ್ ಹಾಡುಗಾರ. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಬರೆದು, ತಾನೇ ಹಾಡಿ ನೆಟ್ಟಿಗೆ ಹಾಕುತ್ತಾನೆ. ಹೋದ ವಾರ ಎರಡು ಹೊಸ ಹಾಡು ಬಂದವು. ಮೀನಾ ಅಲ್ ಅಹ್ಮದಿ ರಿಫೈನರಿಗೆ ಹೋಗುವ ನಮ್ಮ ಡ್ಯೂಟಿ ಬಸ್ಸಿನಲ್ಲಿ ದಿನವೂ ಅದೇ ಮಾತು, ಅದೇ ಹೊಗಳಿಕೆ. ನನಗೆ ಹೊಟ್ಟೆ ಉರಿದುಹೋಯಿತು.

ತಪ್ಪು ಹುಡುಕಲೆಂದೇ ಮೊದಲನೆಯ ಹಾಡನ್ನು ಹತ್ತು ಸಲ ಕೇಳಿದೆ. ಸಿಕ್ಕಿತು! ಹಿಂದೆ ಟಪ್ ಟಪ್ ಎನ್ನುವ ಬೀಟು ನಡುನಡುವೆ ಕುಂಟುತ್ತಿತ್ತು. ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ. ಅಷ್ಟು ಸಾಲದೆ ಅವನಿಗೇ ವಾಯ್ಸ್ ಮೆಸೇಜ್ ಕಳಿಸಿದೆ: "ಹಾಡು ಚಲೋ ಐತಿ. ಆದ್ರ ಆ ಬೀಟ್ ಹೊಡದಾವಗ ತಾಳ ಅಂದ್ರೇನಂತ ಗೊತ್ತಿಲ್ಲ ನೋಡು."

ಉತ್ತರದಲ್ಲಿ ಮೊದಲು ಅವನ ನಗು ಕೇಳಿಸಿತು. "ಲೇ, ಅದು ನಿಂದ ಕೈ! ಕುವೈತಿನ್ಯಾಗ ಬ್ನೇದ್ ಅಲ್ ಗಾರ್ ಏರಿಯಾದ ನಮ್ಮ ರೂಮಿನ್ಯಾಗ ಶುಕ್ರವಾರ ಸೂಟಿಗೆ ನೀ ಜ್ವಾಳದ ರೊಟ್ಟಿ ಬಡಿಯೂ ಮುಂದ ಫೋನಿನ್ಯಾಗ ರೆಕಾರ್ಡ್ ಮಾಡಿ ಇಟ್ಟಿದ್ದೆ."

ನಿಜ. ರೊಟ್ಟಿ ತಿರುಗಿಸುವಾಗ ನನ್ನ ಕೈ ಒಂದು ಪೆಟ್ಟಿನಷ್ಟು ತಡೆಯುತ್ತದೆ.

ಬಸ್ಸಿನವರಿಗೆ ಇದನ್ನು ಇನ್ನೂ ಹೇಳಿಲ್ಲ. ಈಗ ಎರಡನೆಯ ಹಾಡನ್ನೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅದರಲ್ಲೂ ರೊಟ್ಟಿ ಬಡಿಯುವ ಸದ್ದಿದೆ, ಎಲ್ಲಿಯೂ ಕುಂಟುವುದಿಲ್ಲ. ಕೆನಡಾದಲ್ಲಿ ಅವನಿಗೆ ರೊಟ್ಟಿ ಬಡಿದು ಹಾಕುವವರು ಯಾರೋ?