ಬಂಗಾರಮ್ಮನಿಗೆ ಹೇಳಿಕೊಡದ ಪಾಠ

೨೦೨೪ರ ನವೆಂಬರ್ ೨, ಶನಿವಾರ. ಬೆಳಿಗ್ಗೆ ಎಂಟೂವರೆಯವರೆಗೂ ಹೊಸನಗರದ ಮೇಲೆ ಮಂಜು ಕವಿದಿತ್ತು. ಹತ್ತರ ಹೊತ್ತಿಗೆ ಚುರುಗುಟ್ಟುವ ಬಿಸಿಲು. ಮಧ್ಯಾಹ್ನ ಎರಡಕ್ಕೆ ಮೋಡ ಕೂಡಿ, ಹತ್ತು ನಿಮಿಷ ಹನಿ ಉದುರಿಸಿ ಹೋಯಿತು. ಊರಿಗೆಲ್ಲ ಅಂದು ದೀಪಾವಳಿಯ ಪಾಡ್ಯ, ಗೋಪೂಜೆ. ಇಗರ್ಜಿಗೆ ಹೋಗುವ ಕ್ರೈಸ್ತರಿಗೆ ಸತ್ತವರ ದಿನ. ಈ ವರ್ಷ ಎರಡೂ ಒಂದೇ ದಿನ ಬಿದ್ದಿದ್ದವು.

ಇಗರ್ಜಿಯ ಹಿಂದಿನ ಕೋಣೆಯಲ್ಲಿ ತನುಜಾ ಚೀಟಿಗಳನ್ನು ಬಿಡಿಸಿ, ಅವುಗಳಲ್ಲಿದ್ದ ಹೆಸರುಗಳನ್ನು ಒಂದು ಉದ್ದನೆಯ ಪುಸ್ತಕಕ್ಕೆ ಇಳಿಸುತ್ತಿದ್ದಳು. ಅಕ್ಟೋಬರ್ ಕೊನೆಯ ವಾರ ಬಾಗಿಲ ಬಳಿ ರಟ್ಟಿನ ಪೆಟ್ಟಿಗೆ ಇಡುವುದು, ಮನೆಮನೆಯವರು ತಮ್ಮ ಮೃತರ ಹೆಸರು ಬರೆದು ಅದರಲ್ಲಿ ಹಾಕುವುದು ಅಲ್ಲಿನ ರೂಢಿ. ಸಂಜೆ ನಾಲ್ಕಕ್ಕೆ ಫಾದರ್ ಸಮಾಧಿಗಳಿಗೆ ತೀರ್ಥ ಚಿಮುಕಿಸಿದ ಮೇಲೆ ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಬೇಕು. ಪ್ರತಿ ಹೆಸರಿಗೂ ನೆರೆದವರು ‘ಶಾಂತಿ ಸಿಗಲಿ’ ಎನ್ನಬೇಕು. ಓದುವ ಕೆಲಸ ಹದಿನಾಲ್ಕು ವರ್ಷಗಳಿಂದ ತನುಜಾಳದು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳೂ ಅವಳೇ.

ಅವಳ ಕೈಚೀಲದಲ್ಲಿಯೂ ಒಂದು ಚೀಟಿ ಇತ್ತು. ಅದರಲ್ಲಿ ಒಂದೇ ಹೆಸರು. ಆರು ದಿನಗಳಿಂದ ಅದು ಪೆಟ್ಟಿಗೆಗೆ ಬಿದ್ದಿರಲಿಲ್ಲ.

ಎಪ್ಪತ್ತೆಂಟರ ಸೆರಾಫಿನ್ ಬಾಯಿ ಕೊಡೆಯನ್ನೇ ಊರುಗೋಲು ಮಾಡಿಕೊಂಡು ಬಂದು, ತನ್ನ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

“ಮೂವತ್ತೊಂದಾ ಬಾಯಿ? ಹೋದ ವರ್ಷ ಇಪ್ಪತ್ತೆಂಟಿತ್ತು.”

“ಮೂರು ಜನ ಸತ್ರಲ್ಲ ಮಾರಾಯ್ತಿ, ನಾನೆಂತ ಮಾಡ್ಲಿ?”

“ಇದ್ಯಾರಿದು, ‘ಹಾಲಿನವ’ ಅಂತ ಬರ್ದೀರಲ್ಲ?”

“ಹೆಸರು ಮರ್ತು ಹೋಯ್ತು. ನಮ್ಮ ಲಾರೆನ್ಸ್ ಸತ್ತಾಗ ಮೂರು ದಿನ ದುಡ್ಡು ತಗೊಳ್ದೆ ಹಾಲು ಹಾಕಿದ. ನೀರು ಬೆರೆಸ್ತಿದ್ದ, ಸುಳ್ಳು ಯಾಕೆ ಹೇಳ್ಲಿ. ಆದ್ರೂ ಬರಿ.”

“ಅವರು ಇಗರ್ಜಿಯವರಲ್ಲ ಅಲ್ವಾ?”

“ಅಲ್ಲ. ಹೆಗಲಿಗೆ ಜನಿವಾರ ಇತ್ತು. ನೀ ‘ಹಾಲಿನವ’ ಅಂತ ಓದು, ದೇವರಿಗೆ ಗೊತ್ತಾಗ್ತದೆ.”

ತನುಜಾ ಬರೆದಳು. ಸೆರಾಫಿನ್ ಬಾಯಿಯ ಹಾಲಿನವನಿಗೆ ಪುಸ್ತಕದಲ್ಲಿ ಇಷ್ಟು ಸುಲಭವಾಗಿ ಜಾಗ ಸಿಕ್ಕಿದ್ದು ಕಂಡು ಅವಳ ಕೈ ಒಮ್ಮೆ ಚೀಲದತ್ತ ಹೋಯಿತು, ಹಾಗೆಯೇ ಹಿಂದಕ್ಕೆ ಬಂತು. ಆ ಹಾಲಿನವನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಹೊಣೆಯೂ ಯಾರ ಮೇಲೂ ಇರಲಿಲ್ಲ. ಅವಳ ಚೀಟಿಯಲ್ಲಿದ್ದ ಹೆಸರಿನ ವಿಷಯ ಹಾಗಲ್ಲ. ಅದು ಅವಳ ತಾಯಿ ಬಂಗಾರಮ್ಮನ ಹೆಸರು.

ತನುಜಾ ಹುಟ್ಟಿದ್ದು ಮಾಸ್ತಿಕಟ್ಟೆಯಿಂದ ಆಚೆ, ದೀವರ ಕುಲದ ಮನೆಯಲ್ಲಿ. ಮೋಟಾರ್ ರಿಪೇರಿಯ ವಲೇರಿಯನ್‌ನನ್ನು ಮೆಚ್ಚಿ, ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿ ಅವನನ್ನು ಮದುವೆಯಾದಾಗ ಅವಳಿಗೆ ಇಪ್ಪತ್ಮೂರು. ತಂದೆ ಹುಲಿಯಪ್ಪ ಕೂಗಾಡಲಿಲ್ಲ, ಹೊಡೆಯಲಿಲ್ಲ. ಜಗಲಿಯ ಮೇಲೆ ಕೂತು ಒಂದೇ ಮಾತು ಕೇಳಿದ್ದ: “ಬರ್ತಾ ಇರು, ಹೋಗ್ತಾ ಇರು. ನಿನ್ನ ದೇವರ ಸುದ್ದಿ ಮಾತ್ರ ಈ ಹೊಸಿಲು ದಾಟಬಾರ್ದು. ಆಗ್ತದಾ?” ಅವಳು ಆಗುತ್ತದೆ ಎಂದಿದ್ದಳು. ಆ ಮಾತಿನ ಮೇಲೆಯೇ ಬಾಗಿಲು ತೆರೆದುಕೊಂಡಿತ್ತು. ಹುಲಿಯಪ್ಪ ತೀರಿಹೋಗಿ ಹನ್ನೊಂದು ವರ್ಷವಾದರೂ ಅವಳು ಅದನ್ನು ಮೀರಲಿಲ್ಲ. ತವರಿಗೆ ಹೋಗುವಾಗ ಕೊರಳಿನ ಶಿಲುಬೆಯನ್ನು ರವಿಕೆಯೊಳಗೆ ಸರಿಸಿಕೊಳ್ಳುವುದು, ಸೆರಗು ಹೊದ್ದಷ್ಟೇ ಸಹಜವಾಗಿತ್ತು.

ಬಂಗಾರಮ್ಮ ಒಮ್ಮೆ ಮಾತ್ರ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಳು, ಬಾಣಂತನಕ್ಕೆ. ಬಂದ ದಿನವೇ ಸಂಜೆ, ಯೇಸುವಿನ ಪಟದ ಮುಂದೆ ದೀಪವಿಲ್ಲದ್ದನ್ನು ಕಂಡು ಅಳಿಯನಿಗೆ ಕೇಳಿದ್ದಳು: “ಎಂತ ವಲೇರಿ, ಮನೆ ದೇವರನ್ನ ಕತ್ತಲಲ್ಲಿ ಕೂರ್ಸಿದೀಯ?” ಅಂದಿನಿಂದ ಹೊರಡುವವರೆಗೂ ತಾನೇ ಬತ್ತಿ ಹೊಸೆದು ದೀಪ ಹಚ್ಚಿದಳು. ಆ ಪಟದಲ್ಲಿರುವವರು ಯಾರು ಎಂದು ಅವಳು ಕೇಳಲಿಲ್ಲ. ತನುಜಾ ಹೇಳಲಿಲ್ಲ. ಅದು ತನ್ನದೇ ಹೊಸಿಲಿನ ಒಳಗಾಗಿತ್ತು, ಹೇಳಬಹುದಿತ್ತು ಎಂಬುದು ಅವಳಿಗೆ ಹೊಳೆದದ್ದು ಈ ವರ್ಷ.

ಇತ್ತ ಇಗರ್ಜಿಯಲ್ಲಿ ತನುಜಾಳ ಪಾಠವೆಂದರೆ ಹೆಸರುವಾಸಿ. ವರ್ಷಕ್ಕೊಮ್ಮೆ ಒಂದು ಪ್ಲಾಸ್ಟಿಕ್ ಗೊಂಬೆ, ಒಂದು ಲೋಟ ನೀರು ತಂದು, ಯಾರಾದರೂ ಸಾಯುವಂತಿದ್ದು ಫಾದರ್ ಹತ್ತಿರದಲ್ಲಿ ಇಲ್ಲದಿದ್ದರೆ ಸಾಮಾನ್ಯರೂ ಜ್ಞಾನಸ್ನಾನ ಕೊಡಬಹುದೆಂದು ಮಾಡಿ ತೋರಿಸುತ್ತಿದ್ದಳು. ನೀರು ಹಣೆಯ ಮೇಲೆ ಹರಿಯಬೇಕು. ಮಾತೂ ನೀರೂ ಒಟ್ಟಿಗೆ ಬೀಳಬೇಕು. ಬುದ್ಧಿ ಬಂದವರಾದರೆ ಅವರು ಅರಿತು, ತಾವಾಗಿ ಬಯಸಿರಬೇಕು. ಕಲಿಯಲು ಕಾಲವಿದ್ದರೆ ಮೊದಲು ಕಲಿಸಬೇಕು. ಕಲಿಯುವ ಮನಸ್ಸು ಮಾಡಿ, ನೀರು ಬೀಳುವ ಮೊದಲೇ ಸತ್ತವರಿಗೆ ಆ ಬಯಕೆಯೇ ಸ್ನಾನವೆಂದು ತಿಳಿಯಬೇಕು. ಮಕ್ಕಳು ಇದನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು.

ಆಗಸ್ಟ್‌ನಲ್ಲಿ ಬಂಗಾರಮ್ಮನಿಗೆ ಉಬ್ಬಸ ಜೋರಾಯಿತು. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದು ಮನೆಗೆ ಬಂದಳು. ಇಪ್ಪತ್ತೊಂದನೆಯ ತಾರೀಕು, ಬುಧವಾರ ತನುಜಾ ನೋಡಲು ಹೋದಾಗ ತಾಯಿ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಅಣ್ಣ ಕಾಂತರಾಜ್ ಹೊರಗೆ ದನ ಕಟ್ಟುತ್ತಿದ್ದ. ತನುಜಾ ಚೀಲದಿಂದ ಟವೆಲ್ ತೆಗೆಯುವಾಗ ಒಂದು ಪುಟ್ಟ ಬಾಟಲಿ ಹಾಸಿಗೆಯ ಮೇಲೆ ಉರುಳಿತು.

“ಎಂತದೇ ಅದು? ಔಷಧಿಯಾ?”

“ಅಲ್ಲವ್ವ. ನೀರು.”

“ನಿಮ್ಮ ಇಗರ್ಜಿದಾ?”

ತನುಜಾ ತಲೆ ಆಡಿಸಿದಳು. ಆ ಮನೆಯಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲು. ಅದೂ ತಾಯಿಯ ಬಾಯಿಂದ.

“ಅದನ್ನ ತಲೆ ಮೇಲೆ ಹಾಕ್ತಾರಂತಲ್ಲ. ನಿಂಗೂ ಹಾಕಿದ್ರಂತೆ.” ಬಂಗಾರಮ್ಮ ಉಸಿರು ಎಳೆದುಕೊಂಡು ನಕ್ಕಳು. “ನಂಗೂ ಹಾಕೇ. ನೀ ಹೋದಲ್ಲಿಗೇ ನಾನೂ ಬರ್ತೀನಿ. ಇಲ್ದಿದ್ರೆ ಅಲ್ಲಿ ನಿನ್ನ ಹತ್ರ ಮಾತಾಡೋರು ಯಾರು?”

ಬಾಟಲಿ ಕೈಯಲ್ಲಿತ್ತು. ಅಣ್ಣ ಹೊರಗಿದ್ದ. ಹಣೆ ಒಂದು ಮೊಳ ದೂರದಲ್ಲಿತ್ತು. ತನುಜಾಳಿಗೆ ಆ ಕ್ಷಣ ನೆನಪಾದದ್ದು ಗೊಂಬೆಯ ಪಾಠ. ತಾಯಿಗೆ ಬೇಕಾದದ್ದು ಮಗಳು, ಮಗಳ ದೇವರಲ್ಲ. ಅರಿಯದೆ ಕೇಳಿದ್ದನ್ನು ಕೊಟ್ಟರೆ ಅದು ಕಳ್ಳತನದ ಹಾಗೆ. ಅಲ್ಲದೆ ಸಾವು ಹತ್ತಿರವಿಲ್ಲ, ಕಾಲವಿದೆ. ಡಾಕ್ಟರೇ ದೀಪಾವಳಿಗೆ ತೊಂದರೆಯಿಲ್ಲ ಎಂದಿದ್ದರು.

“ಹಾಗೆಲ್ಲ ಆಗಲ್ಲವ್ವ. ಮೊದ್ಲು ತಿಳ್ಕೊಬೇಕು. ಭಾನುವಾರ ಬಂದು ಹೇಳಿಕೊಡ್ತೀನಿ.”

“ಓದೂ ಬರ್ದಿರೋಳಿಗಾ?”

“ಬಾಯಲ್ಲೇ ಹೇಳಿಕೊಡ್ತೀನಿ.”

“ಸರಿ ಮತ್ತೆ. ಭಾನುವಾರ.”

ಶುಕ್ರವಾರ ತನುಜಾ ಒಂದು ಹೊಸ ಪುಸ್ತಕದಲ್ಲಿ ಮೊದಲ ಪಾಠ ಬರೆದಿಟ್ಟಳು. ಮಕ್ಕಳಿಗೆ ಹೇಳುವ ಹಾಗಲ್ಲದೆ, ತಾಯಿಗೆ ಅರ್ಥವಾಗುವ ಹಾಗೆ, ದೀಪ ಹಚ್ಚಿದ ಆ ಪಟದಿಂದ ಶುರು ಮಾಡಿ. ಶನಿವಾರ ಬೆಳಿಗ್ಗೆ ಆರಕ್ಕೆ ಕಾಂತರಾಜನ ಫೋನ್ ಬಂತು. ಅವಳು ಹೋಗುವಷ್ಟರಲ್ಲಿ ಬಂಗಾರಮ್ಮನ ತಲೆಯನ್ನು ದಕ್ಷಿಣಕ್ಕೆ ಮಾಡಿ ಮಲಗಿಸಿದ್ದರು. ಬಾಯಿಗೆ ತುಳಸಿ ನೀರು ಬಿಟ್ಟವನು ಅಣ್ಣ.

ಸೆಪ್ಟೆಂಬರ್‌ನ ಒಂದು ತರಗತಿಯಲ್ಲಿ ಒಂದು ಹುಡುಗಿ ಎದ್ದು ಕೇಳಿತು: “ಟೀಚರ್, ಯಾರೂ ಹೇಳಿಕೊಡದೇ ಇದ್ದೋರಿಗೆ ಎಂತ ಆಗ್ತದೆ?” ಇದಕ್ಕೆ ಉತ್ತರ ತನುಜಾ ವರ್ಷಗಳಿಂದ ಬಾಯಿಪಾಠ ಮಾಡಿಸಿದ್ದೇ: ತಮ್ಮ ತಪ್ಪಿಲ್ಲದೆ ಅರಿಯದೆ ಹೋದವರನ್ನು, ತಮಗೆ ಕಂಡ ಒಳಿತಿನಂತೆ ನಡೆದವರನ್ನು, ದೇವರು ಕೈಬಿಡುವುದಿಲ್ಲ. ಅಂದೂ ಹಾಗೆಯೇ ಹೇಳಿದಳು. ‘ತಮ್ಮ ತಪ್ಪಿಲ್ಲದೆ’ ಎನ್ನುವಾಗ ಮಾತ್ರ ನಾಲಗೆ ತಡವರಿಸಿತು. ತಾಯಿಯ ತಪ್ಪಲ್ಲ, ನಿಜ. ಹಾಗಾದರೆ ಯಾರದ್ದು ಎಂದು ಹುಡುಗಿ ಕೇಳಲಿಲ್ಲ.

ಹೆಸರುಗಳನ್ನು ಬರೆದು ಮುಗಿಸಿದ ಮೇಲೆ, ಮೂರು ಗಂಟೆಗೆ ಅವಳು ಫಾದರ್ ಮುಂದೆ ನಿಂತು ಆಗಸ್ಟ್‌ನ ಆ ಬುಧವಾರದ್ದನ್ನೆಲ್ಲ ಹೇಳಿದಳು. ಅವರು ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಮೇಣದಬತ್ತಿಗಳನ್ನು ಜೋಡಿಸುತ್ತಲೇ ಕೇಳಿದರು.

“ಟೀಚರ್, ದೇವರ ಕೈಯಲ್ಲಿ ನಿಮ್ಮ ಒಂದು ಬಾಟಲಿ ಬಿಟ್ಟು ಬೇರೆ ನೀರೇ ಇಲ್ಲ ಅಂದ್ಕೊಂಡಿದೀರಾ?”

“ಇಲ್ಲ ಫಾದರ್.”

“ಮತ್ತೆ?”

“ಅವ್ವನ ಬಗ್ಗೆ ನಂಗೆ ಹೆದರಿಕೆ ಇಲ್ಲ. ದೇವರು ಅನ್ಯಾಯ ಮಾಡಲ್ಲ. ಕೇಳಿದ್ದನ್ನ ಕೊಡ್ದೇ ಇದ್ದೋಳು ನಾನು. ಈಗ ನಾನೇ ನಿಂತು ಅವಳ ಹೆಸರು ಓದೋದು ಸರಿಯಾ?”

ಫಾದರ್ ಕೈಯಲ್ಲಿದ್ದ ಬತ್ತಿ ಕೆಳಗಿಟ್ಟರು. “ಹೆಸರು ಬರೀರಿ. ಬೇಕಾದ್ರೆ ನಾನು ಓದ್ತೀನಿ,” ಎಂದರು. ಅವಳು ಬರೆದಳು. ಕೊನೆಯ ಸಾಲಿನಲ್ಲಿ.

ಸಮಾಧಿ ಭೂಮಿಯ ಗೇಟಿನ ಹೊರಗೆ ಬೈಕ್ ಪಕ್ಕ ಕಾಂತರಾಜ್ ನಿಂತಿದ್ದ. ವಲೇರಿಯನ್ ತನಗೆ ಹೇಳದೆಯೇ ಫೋನ್ ಮಾಡಿದ್ದಾನೆಂದು ತನುಜಾಳಿಗೆ ಅರ್ಥವಾಯಿತು. ಹೊಸಿಲಿನ ಮಾತು ನೆನಪಾಗಿ ಅವಳ ಕಾಲು ನಿಂತಿತು.

“ಇಲ್ಲಿ ಅವ್ವನ ಹೆಸರು ಕೂಗ್ತೀರಂತೆ?”

“ನೀ ಬೇಡ ಅಂದ್ರೆ ಹೆಸರು ಹೊಡೆದು ಹಾಕ್ತೀನಿ ಅಣ್ಣ.”

“ನಾನೆಲ್ಲಿ ಬೇಡ ಅಂದೆ?” ಅವನು ಗೇಟಿನ ಕಂಬಿ ಹಿಡಿದು ಒಳಗೆ ನೋಡಿದ. “ಮನೇಲಿ ಹಬ್ಬ ಇಲ್ಲ ಈ ವರ್ಷ. ದನಕ್ಕೆ ಅಷ್ಟು ಹೂ ಹಾಕಿ ಬಂದೆ. ಎಲ್ಲಾದ್ರೂ ಒಂದ್ಕಡೆ ಅವಳ ಹೆಸರು ಬರ್ಲಿ. ನೀನೇ ಓದು. ಆ ಪಾದ್ರಿಗೆ ಅವಳು ಯಾರು ಅಂತ ಎಂತ ಗೊತ್ತು?”

ತನುಜಾ ಓದಿದಳು. ಇನ್ನೂರ ಹದಿನಾರು ಹೆಸರು. ಹಾಲಿನವನಿಗೂ ಶಾಂತಿ ಸಿಗಲಿ ಎಂದರು. ಯಾರೋ ನಕ್ಕರು, ಸೆರಾಫಿನ್ ಬಾಯಿ ಕೊಡೆ ಕುಟ್ಟಿದಳು. ಕೊನೆಗೆ, “ಹುಲಿಯಪ್ಪನ ಹೆಂಡತಿ ಬಂಗಾರಮ್ಮ.” ಸೆರಾಫಿನ್ ಬಾಯಿಯ ದನಿ ಮೊದಲು ಎದ್ದಿತು, ಅದರ ಹಿಂದೆ ಉಳಿದವರದ್ದು. ಗೇಟಿನ ಹತ್ತಿರ ಕಾಂತರಾಜ್ ಚಪ್ಪಲಿ ಬಿಟ್ಟು ನಿಂತಿದ್ದ.

ಬೇರೆಡೆ ಮಣ್ಣಾದವರಿಗೆ, ಚಿತೆಯೇರಿದವರಿಗೆ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚುತ್ತಾರೆ. ಅಣ್ಣ ತಂಗಿ ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಚ್ಚಿದರು. ಗಾಳಿಗೆ ಎರಡು ಬಾರಿ ಆರಿತು. ಕಾಂತರಾಜ್ ಕೈ ಅಡ್ಡ ಹಿಡಿದು, ಎಂದೋ ನಡೆದದ್ದನ್ನು ನೆನೆದು ಹೇಳುವವನ ಹಾಗೆ ಶುರು ಮಾಡಿದ:

“ಆ ಶುಕ್ರವಾರ ಹತ್ತು ಸಲ ಕೇಳಿದ್ಳು, ಭಾನುವಾರಕ್ಕೆ ಎಷ್ಟು ದಿನ ಅಂತ. ತನುಜಾ ನಂಗೆ ಪಾಠ ಹೇಳಿಕೊಡ್ತಾಳಂತೆ, ಈ ವಯಸ್ಸಲ್ಲಿ ಸ್ಕೂಲಿಗೆ ಸೇರಿಸ್ತಾಳೆ ನೋಡು ಅಂತ ನನ್ನ ಮಗಳು ಗಾನವಿ ಹತ್ರ ನಗಾಡ್ತಿದ್ಳು. ಅವಳ ಕೈಯಿಂದಲೇ ಪೆಟ್ಟಿಗೆ ತೆಗೆಸಿ ನೀಲಿ ಸೀರೆ ಹೊರಗಿಡಿಸಿದ್ಳು. ಪಾಠಕ್ಕೆ ಕೂರುವಾಗ ಮಾಸಿದ್ದು ಉಟ್ಕೊಬಾರ್ದಂತೆ. ನಿಂಗೆ ಹೇಳಿದ್ನೋ ಇಲ್ವೋ.”

“ಹೇಳಿರ್ಲಿಲ್ಲ,” ಎಂದಳು ತನುಜಾ.

“ಅದನ್ನೇ ಉಡಿಸಿ ಕಳಿಸಿದ್ದು.”

ಹೌದು, ಅಂದು ತಾಯಿಯ ಮೈಮೇಲೆ ಇದ್ದದ್ದು ನೀಲಿ ಸೀರೆ. ತನುಜಾ ಅದನ್ನು ನೋಡಿದ್ದಳು, ಯಾಕೆಂದು ಕೇಳಿರಲಿಲ್ಲ. ಕಲಿಯಲು ಮನಸ್ಸು ಮಾಡಿ, ನೀರು ಬೀಳುವ ಮೊದಲೇ ಸತ್ತವರಿಗೆ ಆ ಬಯಕೆಯೇ ಸ್ನಾನ. ಮಕ್ಕಳು ತಪ್ಪಿಲ್ಲದೆ ಒಪ್ಪಿಸುವ ಸಾಲು ಅದು. ತಾಯಿಗೆ ಹಾದಿ ತೆರೆದದ್ದಕ್ಕೆ ಅವಳು ತಲೆ ಬಾಗಿಸಿದಳು. ಆದರೆ ಸೀರೆ ತೆಗೆದಿಟ್ಟು ಕಾದವಳ ಮುಂದೆ ಬಂದು ಕೂರಬೇಕಾದವಳು ತಾನು. ಆ ಸಾಲಿನಲ್ಲಿ ಅದಕ್ಕೆ ಏನೂ ಹೇಳಿರಲಿಲ್ಲ. ಅವಳ ಅಳು ಅಣ್ಣನಿಗೆ ಕೇಳಿಸಲಿಲ್ಲ. ಕಂಡಿರಬೇಕು, ಅವನು ಬತ್ತಿಗೆ ಹಿಡಿದ ಕೈಯನ್ನು ತೆಗೆಯಲಿಲ್ಲ.

ಹೊರಡುವಾಗ ಕಾಂತರಾಜ್ ಕೇಳಿದ, “ಅವಳಿಗೆ ಹೇಳಿಕೊಡೋ ಪಾಠ ಬರ್ದಿಟ್ಟಿದ್ಯಾ?”

“ಹ್ಞೂಂ, ಪುಸ್ತಕ ಮನೇಲಿದೆ. ಒಂದೇ ಪಾಠ ಬರ್ದಿದ್ದು.”

“ಇರ್ಲಿ. ಹರೀಬೇಡ.”

ಅಂದಿನ ಖರ್ಚು: ಮೇಣದಬತ್ತಿ ಹನ್ನೆರಡು, ನೂರ ಇಪ್ಪತ್ತು ರೂಪಾಯಿ. ಸೇವಂತಿಗೆ ಎರಡು ಮಾರು, ಹಬ್ಬದ ದರ, ಇನ್ನೂರು. ಬೆಂಕಿಪೆಟ್ಟಿಗೆ ಎರಡು, ನಾಲ್ಕು. ಇಗರ್ಜಿಯ ಪೂಜೆಯ ಕಾಣಿಕೆ ನೂರು. ಅಣ್ಣನಿಗೆ, ಅವಳಿಗೆ ಬಸ್ ಸ್ಟ್ಯಾಂಡಿನಲ್ಲಿ ಚಹಾ, ಮೂವತ್ತು. ಬಾಟಲಿಯ ನೀರು ಖರ್ಚಾಗಿಲ್ಲ.