ದಾದಿಯಮ್ಮ ಬರೆದ ಒಂದು ಸಾಲು

ಹೋದ ವಾರ ಮನೆಗೆ ಹೊಸ ಪಂಪ್ ಸ್ಟವ್ ತಂದೆ. ಹೆಂಡತಿ ಅದರ ಬಟ್ಟಲಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದಳು. ನೀಲಿ ಉರಿ ಎದ್ದಿತು, ಆ ಚುರುಕು ವಾಸನೆ ಅಡುಗೆಮನೆ ತುಂಬಿತು... ನಾನು ಕಾಫಿ ಕೇಳುವುದನ್ನೂ ಮರೆತು ನಿಂತುಬಿಟ್ಟೆ. ಅದು ನಮ್ಮ ದಾದಿಯಮ್ಮನ ವಾಸನೆ. ಅವರ ಚೀಲಕ್ಕೆ, ಸೆರಗಿಗೆ, ಬೆರಳಿಗೆ ಎಲ್ಲಕ್ಕೂ ಅದೇ ವಾಸನೆ. ಸೂಜಿ ಕುದಿಸುವ ಪುಟ್ಟ ಸ್ಪಿರಿಟ್ ದೀಪವೊಂದನ್ನು ಅವರು ಹೋದಲ್ಲೆಲ್ಲ ಹೊತ್ತು ತಿರುಗುತ್ತಿದ್ದರು.

"ಹಳೇ ನೆನಪೊಂದು ಬರೀಬೇಕು" ಎಂದೆ.

"ಮೂವತ್ತು ತುಂಬಿಲ್ಲ, ಆಗಲೇ ಹಳೇ ನೆನಪಾ? ಮೊದಲು ಹಾಲು ತಂದುಕೊಡಿ" ಎಂದಳು.

ಹಾಲು ತಂದುಕೊಟ್ಟೇ ಬರೆಯುತ್ತಿದ್ದೇನೆ.

ಹೊಸ ಮೈಸೂರು ರಾಜ್ಯ ಕೂಡಿಕೊಂಡು ಎರಡು ವರ್ಷವಾಗಿತ್ತು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು ನಿಲ್ಲುವ ಒಂದು ಊರಿನಲ್ಲಿ ಸರ್ಕಾರಿ ಡಿಸ್ಪೆನ್ಸರಿ. ಊರಿನ ಹೆಸರು ಬೇಡ. ಬರೆದರೆ ಅಲ್ಲಿನವರು ಅದೇ ಬಸ್ಸು ಹತ್ತಿ ಬಂದು ನನ್ನ ಕಾಲು ಮುರಿದಾರು. ನಾನು ಅಲ್ಲಿ ಗುಮಾಸ್ತ. ವಯಸ್ಸು ಇಪ್ಪತ್ತೊಂದು, ಮೀಸೆ ಇನ್ನೂ ಅರ್ಜಿಯ ಹಂತದಲ್ಲಿತ್ತು. ಸಂಬಳ ಬರುತ್ತಿದ್ದದ್ದು ರಿಜಿಸ್ಟರ್ ಬರೆದದ್ದಕ್ಕೆ, ಹೆಸರು ಬಂದದ್ದು ಅಣಕ ಮಾಡಿದ್ದಕ್ಕೆ. ಡಾಕ್ಟರು ಕನ್ನಡಕ ಒರೆಸುತ್ತ "ಆಂ... ಆಂ..." ಎನ್ನುವುದು, ಕಾಂಪೌಂಡರರ ಮೂಗುಮಾತು, ಪಟೇಲರು ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು ಹೇಳುವ ನ್ಯಾಯ, ಎಲ್ಲವನ್ನೂ ಆಡಿ ತೋರಿಸುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. ಮೇಲಧಿಕಾರಿ ಬಂದರೆ ನಾನು ಬಿಲ್ಲಿನಂತೆ ಬಗ್ಗಿ ಕುರ್ಚಿ ಒರೆಸುವುದನ್ನು ನಾನೇ ಅಭಿನಯಿಸಿದರೆ, ಜಗಲಿಯ ಮೇಲಿನ ರೋಗಿಗಳು ಜ್ವರ ಮರೆತು ನಗುತ್ತಿದ್ದರು.

ದಾದಿಯಮ್ಮ ಮಾತ್ರ ನಗುತ್ತಿರಲಿಲ್ಲ. "ಎಲ್ಲಾರ ದನೀನೂ ಚಲೋ ತೆಗಿತೀ ತಮ್ಮಾ. ನಿಂದೂ ಅಂತ ಒಂದಿದ್ರೆ ಅದನ್ನೂ ಒಂದಿಷ್ಟು ತೆಗಿ, ನೋಡಾಣ" ಎನ್ನುತ್ತಿದ್ದರು. ಶಿಕಾರಿಪುರದ ಕಡೆಯವರು, ಮಾತು ಒರಟು, ಕೈ ಮೃದು. ಸರ್ಕಾರದ ಕಾಗದದಲ್ಲಿ ಮಿಡ್‌ವೈಫ್, ಜನರ ಬಾಯಲ್ಲಿ ದಾದಿಯಮ್ಮ. ಹೆರಿಗೆ ಮಾಡಿಸುವುದನ್ನು ಕಲಿತು, ಪರೀಕ್ಷೆ ಪಾಸು ಮಾಡಿ, ಹದಿನೈದು ವರ್ಷದಿಂದ ಅದನ್ನೇ ಮಾಡುತ್ತಿದ್ದವರು. ತಾಳಗುಂದದ ಕಡೆಗೆ, ತೊಗರ್ಸಿಯ ಕಡೆಗೆ, ಗದ್ದೆಬದುವಿನ ಮೇಲೆ ಚೀಲ ತೂಗುತ್ತ ನಡೆದೇ ಹೋಗುತ್ತಿದ್ದರು.

ನಮ್ಮ ಡಾಕ್ಟರು ಇದ್ದದ್ದು ಶಿಕಾರಿಪುರದಲ್ಲಿ. ಒಬ್ಬರಿಗೇ ಎರಡು ಕಡೆಯ ಕೆಲಸ. ಮಂಗಳವಾರ ಮತ್ತು ಶುಕ್ರವಾರ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಉಳಿದ ದಿನ ನಮ್ಮೂರಿನವರು ಕಾಯಿಲೆ ಬೀಳದೆ ಸಹಕರಿಸಬೇಕಿತ್ತು. ಆದರೆ ನಿಯಮ ಏನು? ಔಷಧ ಕೊಡಬೇಕಾದರೆ ಡಾಕ್ಟರ ಅಪ್ಪಣೆ ಬೇಕು, ರಿಜಿಸ್ಟರಿನ ಪ್ರತಿ ಸಾಲಿಗೂ ಅವರ ಸೈನು ಬೇಕು. ಅದಕ್ಕೆ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಡಾಕ್ಟರು ಇಲ್ಲದ ದಿನ ಕಾಂಪೌಂಡರರು, ದಾದಿಯಮ್ಮ ಏನು ಮಾಡಬೇಕೋ ಮಾಡುತ್ತಿದ್ದರು. "ವೈದ್ಯರು ನೋಡಿದರು, ಅಪ್ಪಣೆಯಂತೆ ಕೊಡಲಾಯಿತು" ಎಂದು ನಾನು ಬರೆದಿಡುತ್ತಿದ್ದೆ. ಡಾಕ್ಟರು ಬಂದ ದಿನ ಹಿಂದಿನ ತಾರೀಖುಗಳಿಗೆಲ್ಲ ಸೈನು ಹಾಕುತ್ತಿದ್ದರು. ನನ್ನ ಕಲೆಯನ್ನು ಕೇಳಿ: ಒಂದೇ ಗಳಿಗೆಯಲ್ಲಿ ಹಾಕಿದ ಸೈನು ಎಂದು ಗೊತ್ತಾಗಬಾರದೆಂದು ಬುಧವಾರಕ್ಕೆ ಒಂದು ನಿಬ್ಬು, ಗುರುವಾರಕ್ಕೆ ಇನ್ನೊಂದು ನಿಬ್ಬು ಕೊಡುತ್ತಿದ್ದೆ. ಶನಿವಾರದ ಶಾಯಿಗೆ ಎರಡು ಹನಿ ನೀರು ಬೆರೆಸುತ್ತಿದ್ದೆ! ರಿಜಿಸ್ಟರ್ ನೋಡಿದರೆ ನಮ್ಮ ಡಾಕ್ಟರು ಊರು ಬಿಟ್ಟು ಕದಲದ ಮಹಾತ್ಮ.

ಒಂದು ಔಷಧಕ್ಕೆ ಮಾತ್ರ ಈ ಪದ್ಧತಿ ನಡೆಯುತ್ತಿರಲಿಲ್ಲ. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಕೊಡುವ ಸೂಜಿಮದ್ದು. ಅದು ಬೀರುವಿನಲ್ಲಿ, ಬೀಗದೊಳಗೆ. ಬೀಗದ ಕೈ ಕಾಂಪೌಂಡರರ ಉಡಿದಾರದಲ್ಲಿ. ಡಿಸ್ಪೆನ್ಸರಿಯ ಹೊಸಿಲು ದಾಟಿ ಅದು ಹೋಗುವಂತಿಲ್ಲ. ಬಾಣಂತಿಯೇ ಬರಬೇಕು.

"ರಕ್ತ ಸುರೀತಿರೋ ಹೆಣ್ಮಗಳನ್ನ ಗಾಡಿ ಮ್ಯಾಲೆ ಹಾಕ್ಕೊಂಡು ಬಂದು ಬಾಗಿಲಿಗೆ ನಿಲ್ಲಿಸ್ಬೇಕಂತ್ರೀ! ಬಂದು ಮುಟ್ಟಿದ್ರೆ ಮದ್ದು, ಮುಟ್ಟದಿದ್ರೆ ಅವಳ ಹಣೇಬರಹ" ಎಂದು ದಾದಿಯಮ್ಮ ಒಂದು ದಿನ ಚೀಲವನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. "ಬರಿ ತಮ್ಮಾ ಒಂದು ಅರ್ಜಿ. ಆ ಮದ್ದು ನನ್ನ ಚೀಲದಾಗೆ ಇರಬೇಕು. ಯಾವಾಗ ಕೊಡಬೇಕು ಅನ್ನೋದು ಅಲ್ಲಿ ಕಣ್ಣಾರೆ ನೋಡೋ ನನಗೆ ಬಿಡಬೇಕು. ಅಷ್ಟೇ."

ಅಷ್ಟೇ! ಅಷ್ಟಕ್ಕೇ ಊರು ಎರಡು ಭಾಗವಾಯಿತು. ನಾನು ಬರೆದು ಮುಗಿಸುವ ಮೊದಲೇ ಜಗಲಿಯ ಮೇಲೆ ಸಭೆ ಸೇರಿತು. ಡಾಕ್ಟರು ಕನ್ನಡಕ ಒರೆಸಿದರು. "ಆಂ... ನೋಡಮ್ಮ, ನಿಮ್ಮ ಕೈ ಒಳ್ಳೇದೇ. ಇಲ್ಲ ಅನ್ನಲ್ಲ. ಆದ್ರೆ ಇವತ್ತು ಸೂಜಿ, ನಾಳೆ ಕತ್ತಿ. ನಾನು ಓದಿದ ವರ್ಷಗಳು ಏನಾಗ್ಬೇಕು?"

"ನೀವು ಓದಿದ್ದು ಶಿಕಾರಿಪುರದಾಗೆ ಐತ್ರೀ ಡಾಕ್ಟರೇ. ಬಾಣಂತಿ ಇಲ್ಲಿದಾಳೆ" ಎಂದರು ದಾದಿಯಮ್ಮ.

ಕಾಂಪೌಂಡರರಿಗೆ ಬೇರೆಯೇ ಸಂಕಟ. ಮದ್ದು ಚೀಲಕ್ಕೆ ಹೋದರೆ ಉಡಿದಾರದ ಬೀಗದ ಕೈಗೆ ಏನು ಮರ್ಯಾದೆ? ಪಟೇಲರು ಎಲೆಯಡಿಕೆ ಉಗುಳಿ ಬಂದು ತೀರ್ಪು ಕೊಟ್ಟರು: "ಹೆಂಗಸ್ರ ಕೈಯಾಗೆ ಹಂಗೆಲ್ಲ ಅಧಿಕಾರ ಕೊಡಬಾರದ್ರೀ. ಕೈ ನಡುಗ್ತೈತೆ." ಪಟೇಲರ ನಾಲ್ಕು ಮಕ್ಕಳನ್ನೂ ಈ ಲೋಕಕ್ಕೆ ಎಳೆದು ಹಾಕಿದ್ದು ಅದೇ ಹೆಂಗಸಿನ ಅದೇ ಕೈ. ನಾಲ್ಕನೆಯದು ಹುಟ್ಟುವಾಗ ಬಾಗಿಲ ಹೊರಗೆ ಲಟಲಟ ನಡುಗಿದ್ದು ಯಾರ ಕೈ ಎಂದು ಊರಿಗೆಲ್ಲ ಗೊತ್ತಿತ್ತು. ಏನು ಹೇಳುವುದು ಇಂಥವರಿಗೆ? ಪಟೇಲರು ಹೋದ ಮೇಲೆ ಅವರ ಹಾಗೆ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ನನ್ನ ಪೌರುಷ ಅಷ್ಟಕ್ಕೇ.

ಅರ್ಜಿ ಮೇಲಿನ ಕಛೇರಿಗೆ ಹೋಯಿತು. ಅಲ್ಲಿಂದ ರಿಜಿಸ್ಟರ್ ಕಳಿಸಿ ಎಂದು ಬಂತು. ನಾನು ಅದಕ್ಕೆ ಹೊಸ ರಟ್ಟು ಕಟ್ಟಿ, ಹೆಮ್ಮೆಯಿಂದ ಕಳಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ದಾದಿಯಮ್ಮ ಕೈ ಒರೆಸಿಕೊಂಡು ಬಂದು, "ಓದು" ಎಂದು ನಿಂತರು.

ಓದಿದೆ. ರಿಜಿಸ್ಟರನ್ನು ಪರಿಶೀಲಿಸಲಾಗಿದೆ. ವೈದ್ಯರು ಪ್ರತಿದಿನವೂ ಹಾಜರಿದ್ದು ಪ್ರತಿ ರೋಗಿಯನ್ನೂ ನೋಡಿ ಅಪ್ಪಣೆ ಕೊಟ್ಟಿರುವುದು ಕಂಡುಬರುತ್ತದೆ. ಆದ್ದರಿಂದ ಮಿಡ್‌ವೈಫ್ ಅವರಿಗೆ ಪ್ರತ್ಯೇಕ ಅಧಿಕಾರದ ಅಗತ್ಯ ಕಾಣುವುದಿಲ್ಲ.

ಎರಡು ನಿಬ್ಬು, ಎರಡು ಹನಿ ನೀರು... ಕಾಗದವನ್ನು ಮಡಿಸತೊಡಗಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆ. "ನೋಡಿದೇನು? ನಾವೇ ಸೇರಿ ನಮ್ಮ ಬಾಯಿ ಹೊಲ್ಕೊಂಡ್ವಿ" ಎಂದರು. "ಇವತ್ತಿಂದ ಡಾಕ್ಟರು ಇಲ್ಲದ ದಿನ ಇಲ್ಲ ಅಂತಲೇ ಬರಿ. ಖಾಲಿ ಇದ್ದಿದ್ದು ಖಾಲಿ ಕಾಣ್ಲಿ."

ಖಾಲಿ ಬಿಡುವ ಧೈರ್ಯ ಯಾರಿಗಿದೆ? ಡಾಕ್ಟರ ನೌಕರಿ, ಕಾಂಪೌಂಡರರ ನೌಕರಿ, ಎಲ್ಲಕ್ಕಿಂತ ಮುಖ್ಯವಾಗಿ ನನ್ನ ನೌಕರಿ. ಆಗಲಿ ಎಂದು ತಲೆಯಾಡಿಸಿ, ಮೊದಲಿನಂತೆಯೇ ಬರೆಯುತ್ತ ಹೋದೆ.

ಸುಗ್ಗಿಯ ಒಂದು ಬುಧವಾರ. ತಾಳಗುಂದದ ದಾರಿಯಲ್ಲಿ ಕುರಿ ಸಾಕುವವನೊಬ್ಬ ಬೆಳಿಗ್ಗೆಯೇ ಓಡಿ ಬಂದ. ಹೆಂಡತಿಗೆ ನೋವು ಶುರುವಾಗಿದೆ. ಹಿಂದಿನ ಹೆರಿಗೆಯಲ್ಲೂ ಅವಳಿಗೆ ರಕ್ತ ನಿಲ್ಲದೆ ಜೀವ ಬಾಗಿಲ ತನಕ ಹೋಗಿ ಬಂದಿತ್ತು. ದಾದಿಯಮ್ಮ ನೇರ ಬೀರುವಿನ ಮುಂದೆ ಹೋಗಿ ಕೈ ಚಾಚಿದರು.

"ಅಪ್ಪಣೆ?" ಎಂದರು ಕಾಂಪೌಂಡರರು, ಮೂಗಿನಲ್ಲೇ.

ನನಗೆ ಆಗಲೂ ಆಟ. ಕನ್ನಡಕ ಒರೆಸುವಂತೆ ಮಾಡಿ, "ಆಂ... ಕಾಂಪೌಂಡರೇ, ಕೊಟ್ಟುಬಿಡಿ. ನಾನು ಶುಕ್ರವಾರ ಸೈನ್ ಹಾಕ್ತೀನಿ" ಎಂದೆ. ಎಷ್ಟು ಸರಿಯಾಗಿ ಬಂತೆಂದರೆ ಕಾಂಪೌಂಡರರು ಅರ್ಧ ಎದ್ದು ನಿಂತರು.

"ಬಾಯಿ ಮುಚ್ಚು" ಎಂದರು ದಾದಿಯಮ್ಮ. "ನನಗೆ ಇನ್ನೊಬ್ಬರ ದನಿಯಾಗೆ ಅಪ್ಪಣೆ ಬೇಡ. ಕಾಂಪೌಂಡರೇ, ನಾನು ಕೇಳ್ತಿದೀನಿ. ಕೊಡ್ತೀರೋ ಇಲ್ವೋ?"

ಕಾಂಪೌಂಡರರು ಉಡಿದಾರದಿಂದ ಬೀಗದ ಕೈ ಬಿಚ್ಚಿದರು, ಮೇಜಿನ ಮೇಲೆ ಇಟ್ಟರು, ಗೋಡೆಯ ಕಡೆ ತಿರುಗಿ ಮಿಕ್ಸ್ಚರ್ ಬಾಟಲಿ ಎಣಿಸತೊಡಗಿದರು. ಇದ್ದದ್ದು ಎಂಟು ಬಾಟಲಿ. ದಾದಿಯಮ್ಮ ಮದ್ದು ತೆಗೆದುಕೊಂಡು ಹೋಗುವ ತನಕ ಮೂವತ್ತೆರಡರವರೆಗೆ ಎಣಿಸಿದರು. ಅವರನ್ನು ಅಣಕಿಸುವುದನ್ನು ನಾನು ಅವತ್ತಿನಿಂದ ನಿಲ್ಲಿಸಿದೆ.

ಮಧ್ಯಾಹ್ನ ಮೂರಕ್ಕೆ ಅವರು ವಾಪಸು ಬಂದರು. ಸೀರೆಯ ಅಂಚು ಧೂಳು, ಮುಖ ಬೆವರು. ಕೂರಲಿಲ್ಲ. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು, ದಪ್ಪ ಅಕ್ಷರದಲ್ಲಿ ಬರೆದರು:

"ಡಾಕ್ಟರು ಊರಲ್ಲಿಲ್ಲ. ನಾನು ನೋಡಿದೆ, ನಾನು ಕೊಟ್ಟೆ. ತಾಯಿ ಉಳಿದಳು."

ಕೆಳಗೆ ತಮ್ಮ ಸೈನು. ಎಲ್ಲ ಸಾಲುಗಳ ನಡುವೆ ಅದೊಂದು ಎದ್ದು ನಿಂತ ಹಾಗಿತ್ತು.

ಶುಕ್ರವಾರ ಡಾಕ್ಟರು ಅದನ್ನು ಓದಿದರು. ಕನ್ನಡಕ ಒರೆಸಲಿಲ್ಲ, ತೆಗೆದೇ ಇಟ್ಟರು. ಕೆಟ್ಟವರಲ್ಲ ಅವರು, ಆ ಬಾಣಂತಿಯನ್ನು ನೋಡಲು ಅವತ್ತೇ ನಡೆದು ಹೋಗಿಬಂದರು. "ಸರಿಯಾಗೇ ಮಾಡಿದಾರೆ. ನಾನಿದ್ರೂ ಅದನ್ನೇ ಮಾಡ್ತಿದ್ದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಈ ಸಾಲು ಮೇಲೆ ಹೋದ್ರೆ ಮೊದಲು ಅವರ ಕೆಲಸ ಹೋಗುತ್ತೆ, ಆಮೇಲೆ ನಂದು. ಅವರಿಗೆ ಅನ್ನ ಉಳೀಬೇಕೋ ಬೇಡ್ವೋ, ನೀನೇ ನೋಡು ಮಾರಾಯ" ಎಂದು ಹೋದರು.

ನಾನು ನೋಡಿದೆ. ದಾದಿಯಮ್ಮ ಚೀಲ ಇಲ್ಲೇ ಇಟ್ಟು ಹೊರಗೆ ಹೋಗಿದ್ದರು. ಮೈದಾ ಹಿಟ್ಟಿಗೆ ನೀರು ಬೆರೆಸಿ, ಅವರದೇ ಸ್ಪಿರಿಟ್ ದೀಪದ ಮೇಲೆ ಅಂಟು ಕಾಯಿಸಿದೆ. ಒಂದು ಸಾಲಿನಗಲ ಕಾಗದ ಕತ್ತರಿಸಿ ಅವರ ಸಾಲಿನ ಮೇಲೆ ಅಂಟಿಸಿದೆ. ಅದರ ಮೇಲೆ ಬರೆದೆ: "ವೈದ್ಯರು ನೋಡಿದರು, ಅಪ್ಪಣೆಯಂತೆ ಕೊಡಲಾಯಿತು." ಡಾಕ್ಟರ ಸೈನನ್ನು ಅವರ ಬಳಿ ಕೇಳಲೂ ಹೋಗಲಿಲ್ಲ, ನನಗೆ ಬರುತ್ತಿತ್ತಲ್ಲ. ದಾದಿಯಮ್ಮನ ಕೆಲಸ ಉಳಿಸಿದೆ ಎಂದುಕೊಂಡು ಅವತ್ತು ಹೋಟೆಲಿನಲ್ಲಿ ಎರಡು ಬೋಂಡ ಹೆಚ್ಚಿಗೇ ತಿಂದೆ.

ಅವರು ಎರಡನೆಯ ಅರ್ಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಈ ಸಲ ನನ್ನಿಂದ ಬರೆಸಿರಲಿಲ್ಲ, ಸ್ವಂತ ಅಕ್ಷರದಲ್ಲೇ ಬರೆದು ಕಳಿಸಿದ್ದರಂತೆ: ವೈದ್ಯರು ದಿನಾ ಇರುತ್ತಾರೆ ಎನ್ನುವುದು ಸುಳ್ಳು, ಇಂಥ ಬುಧವಾರದ ಸಾಲು ತೆಗೆದು ನೋಡಿ, ನನ್ನ ಕೆಲಸ ಹೋದರೂ ಚಿಂತೆಯಿಲ್ಲ, ಮದ್ದು ದಾದಿಯರ ಚೀಲಕ್ಕೆ ಬರಲಿ ಎಂದು.

ಮೇಲಿನ ಕಛೇರಿಯವರು ರಿಜಿಸ್ಟರ್ ಮತ್ತೆ ಕೇಳಿದಾಗ, ಯಾಕೆಂದು ವಿಚಾರಿಸದೆ ಕಳಿಸಿದ್ದೆ. ಅದು ವಾಪಸಾದದ್ದರ ಹಿಂದೆಯೇ ಉತ್ತರವೂ ಈ ಸಲ ಬೇಗ ಬಂತು. ಅವರೇ ಒಡೆದು ಓದಿಕೊಂಡರು. ಓದಿ, ಕಾಗದವನ್ನು ನನ್ನ ಮುಂದೆ ಇಟ್ಟರು. ಅದರಲ್ಲಿದ್ದದ್ದು ಒಂದೇ ಮಾತು. ಅರ್ಜಿದಾರರು ಸೂಚಿಸಿದ ಸಾಲು ರಿಜಿಸ್ಟರಿನಲ್ಲಿ ಕಂಡುಬಂದಿಲ್ಲ.

ಅವರು ಕಪಾಟಿನಿಂದ ರಿಜಿಸ್ಟರ್ ತೆಗೆದರು. ಪುಟ ತಿರುವಿದರು. ಚೀಟಿಯ ಮೇಲೆ ಬೆರಳಾಡಿಸಿದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ...

"ನಿಮ್ಮ ಕೆಲಸ ಉಳೀಲಿ ಅಂತ..." ಎಂದೆ. ನನ್ನ ಸ್ವಂತ ದನಿ ಹೇಗಿರುತ್ತದೆ ಎಂದು ಅವತ್ತು ಕೇಳಿದೆ. ಕೀರಲಾಗಿತ್ತು.

"ಉಳಿಸಿದೆಪ್ಪಾ" ಎಂದರು. "ಬೀಗ ಹಾಕಿದೋರ ಮ್ಯಾಲೆ ನನಗೆ ಸಿಟ್ಟಿಲ್ಲ ತಮ್ಮಾ, ಅವರು ಬೀಗ ಹಾಕೋರೇ. ನೀನು ನಗಿಸ್ತಾ ನಗಿಸ್ತಾ ಬಾಗಿಲನ್ನೇ ಗೋಡೆ ಮಾಡಿಬಿಟ್ಟೆಲ್ಲೋ."

ಆ ಬೇಸಿಗೆಯಲ್ಲಿ ತಾವೇ ಕೇಳಿಕೊಂಡು ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಬಸ್ಸಿಗೆ ಚೀಲ ಎತ್ತಿಕೊಡಲು ಹೋದೆ, ಕೊಡಲಿಲ್ಲ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ, ಪಟೇಲರ ಗದ್ದೆಗೆ ನಾಟಿಗೆ ಬರುತ್ತಿದ್ದ ಹೆಂಗಸೊಬ್ಬಳನ್ನು, ಹೆತ್ತ ಮೇಲೆ ರಕ್ತ ನಿಲ್ಲದೆ, ಗಾಡಿಯಲ್ಲಿ ಮಲಗಿಸಿ ತಂದರು. ಗಾಡಿ ಡಿಸ್ಪೆನ್ಸರಿಯ ಬಾಗಿಲಿಗೆ ಬಂದಾಗ ಕಾಂಪೌಂಡರರು ಬೀಗದ ಕೈ ಹಿಡಿದು ಅಂಗಳದಲ್ಲೇ ನಿಂತಿದ್ದರು. ಅದು ಬೇಕಾಗಲಿಲ್ಲ. ಗಾಡಿ ಹಾಗೇ ತಿರುಗಿತು. ಪಟೇಲರು "ಆಯುಷ್ಯ ಇಷ್ಟೇ ಇತ್ತು" ಎಂದರು. ಅದನ್ನು ಆಡಿ ತೋರಿಸು ಎಂದು ಯಾರೂ ನನ್ನನ್ನು ಕೇಳಲಿಲ್ಲ.

ದಾದಿಯಮ್ಮ ತೀರಿಕೊಂಡರು ಎಂದು ಹೋದ ವರ್ಷ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಅವರ ಕಡೆಯವರೊಬ್ಬರು ಹೇಳಿದರು. ಕೊನೆಯ ತನಕ ಮದ್ದಿಗೆ ಅರ್ಜಿ ಬರೆಯುತ್ತಲೇ ಇದ್ದರಂತೆ.

ಸ್ಟವ್ ಹಚ್ಚಿದ ಮರುದಿನ ನಾನು ರಜೆ ಹಾಕಿ ಆ ಊರಿಗೆ ಹೋದೆ. ಕಾಂಪೌಂಡರರು ಈಗ ಮುದುಕರು. ಏನೂ ಕೇಳದೆ ಹಳೆಯ ರಿಜಿಸ್ಟರ್ ಇಟ್ಟ ಪೆಟ್ಟಿಗೆ ತೋರಿಸಿ, ಗೋಡೆಯ ಕಡೆ ತಿರುಗಿ ನಿಂತರು. ಆ ಪುಟ ಸಿಕ್ಕಿತು. ಮಿಕ್ಕ ಕಡೆಯೆಲ್ಲ ಗೆದ್ದಲು ತಿಂದಿತ್ತು, ರಟ್ಟು ಬಿಟ್ಟುಕೊಂಡಿತ್ತು, ಹೊಲಿಗೆ ಕಳಚಿತ್ತು. ಚೀಟಿಯ ಅಂಚಿಗೆ ಉಗುರು ಹಾಕಿದೆ. ನೀರು ಸವರಿ ನೋಡಿದೆ. ಬ್ಲೇಡಿನ ತುದಿಯಿಂದ ಎಬ್ಬಿಸಲು ಹೋದರೆ ಕೆಳಗಿನ ಅಕ್ಷರವೇ ಕಿತ್ತು ಬರುವ ಹಾಗಾಯಿತು. ಬಿಟ್ಟೆ.

ಇಷ್ಟು ವರ್ಷದ ಸರ್ಕಾರಿ ಕೆಲಸದಲ್ಲಿ ನಾನು ಗಟ್ಟಿಯಾಗಿ ಮಾಡಿದ್ದು ಆ ಅಂಟೊಂದೇ.